ಟ್ರಿಪ್ಟಮೀನ್ ಸಂಯುಕ್ತಗಳ ಔಷಧಕ್ರಿಯೆ: ಮೇಗುಂದ ಪರಿಸರದ ಸಸ್ಯನಾಮಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡದಲ್ಲಿ ‘ಮದ್ದು’ ಎಂಬ ಪದಕ್ಕೆ ಔಷಧವೆಂಬ ಅರ್ಥವಿದೆ. ಬಂದೂಕಿಗೆ ತುಂಬುವ ಸಿಡಿಮದ್ದು ಎಂಬ ಅರ್ಥವೂ ಇದೆ. ಮಲೆನಾಡು, ಕರಾವಳಿಗಳ ಜನಪದ ನಂಬಿಕೆಯಲ್ಲಿ ಅದು ಅನ್ನದಲ್ಲಿ ಬೆರೆಸಿ ಗುಟ್ಟಾಗಿ ಇಕ್ಕುವ ವಿಷವೂ ಹೌದು. ‘ಕೈಮದ್ದು’, ‘ಮದ್ದು ಹಾಕುವುದು’, ‘ಮದ್ದು ತೆಗೆಸುವುದು’ ಎಂಬ ನುಡಿಗಳು ಈ ಅರ್ಥವನ್ನು ಇಂದಿಗೂ ಉಳಿಸಿಕೊಂಡಿವೆ. ಗ್ರೀಕ್ ಭಾಷೆಯ ‘ಫಾರ್ಮಕಾನ್’ ಶಬ್ದಕ್ಕೂ ಔಷಧ ಮತ್ತು ವಿಷ ಎಂಬ ಎರಡು ಅರ್ಥಗಳಿದ್ದವು. ಅದರಿಂದ ಹುಟ್ಟಿದ ‘ಫಾರ್ಮಕಾಲಜಿ’ಯನ್ನು ನಾವು ಔಷಧಶಾಸ್ತ್ರವೆಂದು ಕರೆಯುತ್ತೇವೆ. ಒಂದೇ ವಸ್ತು ಯಾವಾಗ ಔಷಧ, ಯಾವಾಗ ವಿಷ, ಯಾವಾಗ ಏನೂ ಅಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಆ ಶಾಸ್ತ್ರದ ಕೆಲಸ.

ಕನ್ನಡ ಅಧ್ಯಯನ ವಿಭಾಗಗಳು ಜನಪದ ವೈದ್ಯವನ್ನು ಸಂಗ್ರಹಿಸುತ್ತ ಬಂದಿರುವುದು ಸರಿಯಷ್ಟೆ. ಇಂತಹ ಸಂಗ್ರಹಗಳಲ್ಲಿ ‘ಮತ್ತು ಬರಿಸುವ ಗಿಡ’, ‘ಮಾದಕ ಗುಣವುಳ್ಳ ಬೇರು’ ಎಂಬ ವಿವರಣೆಗಳು ಪರೀಕ್ಷೆಗೆ ಒಳಗಾಗದೆ ಸೇರಿಕೊಳ್ಳುತ್ತವೆ. ಇಂದು ಮನೋರೋಗ ಚಿಕಿತ್ಸೆಯ ಸಂಶೋಧನೆಯಲ್ಲಿ ‘ಸೈಕೆಡೆಲಿಕ್’ ಎಂಬ ವರ್ಗದ ವಸ್ತುಗಳ ಚರ್ಚೆ ಮತ್ತೆ ಆರಂಭವಾಗಿದೆ. ಆದುದರಿಂದ ಹೀಗೆ ಬರೆದಿಟ್ಟ ಒಂದು ಪದವೂ ಓದುಗರನ್ನು ಅಪಾಯದ ದಾರಿಗೆ ಎಳೆಯಬಹುದು. ಈ ವರ್ಗದಲ್ಲಿ ಮುಖ್ಯವಾದ ಟ್ರಿಪ್ಟಮೀನ್ ಸಂಯುಕ್ತಗಳು ಶರೀರದಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನೊಳಗೊಂಡ ಮೇಗುಂದ ಪರಿಸರದಲ್ಲಿ ಪರಿಚಿತವಾದ ಗಿಡ, ಹುಳು, ಅಣಬೆಗಳ ಉದಾಹರಣೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಸಸ್ಯದಲ್ಲಿ ಒಂದು ವಸ್ತು ಇರುವುದೇ ಬೇರೆ, ಆ ವಸ್ತು ಮನುಷ್ಯನ ಮೇಲೆ ಪರಿಣಾಮ ಬೀರುವುದೇ ಬೇರೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

1. ‘ಮತ್ತು’ ಎಂಬುದು ಒಂದೇ ಅಲ್ಲ

ಮತ್ತು, ಮದ, ಅಮಲು, ನಿಶೆ, ಸೊಕ್ಕು, ಜೋಂಪು ಮುಂತಾದ ಪದಗಳು ನಮ್ಮಲ್ಲಿವೆ. ಇಂದಿನ ಬರವಣಿಗೆಯಲ್ಲಿ ಇವುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದು ರೂಢಿಯಾಗಿದೆ. ಔಷಧಶಾಸ್ತ್ರದ ದೃಷ್ಟಿಯಿಂದ ಇವು ಸೂಚಿಸುವ ಅನುಭವಗಳ ಕಾರಣಗಳು ಬೇರೆಬೇರೆ.

ನರಕೋಶಗಳು ಒಂದರೊಡನೊಂದು ಸಂಪರ್ಕಿಸಲು ಕೆಲವು ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇವೇ ನರವಾಹಕಗಳು. ಅವು ಮುಂದಿನ ಕೋಶದ ಮೇಲಿರುವ ‘ಗ್ರಾಹಕ’ ಎಂಬ ಪ್ರೋಟೀನಿಗೆ ಬೀಗಕ್ಕೆ ಕೀಲಿ ಕೂರುವಂತೆ ಕೂರುತ್ತವೆ. ಹೊರಗಿನಿಂದ ಬಂದ ವಸ್ತುವೊಂದು ಅದೇ ಬೀಗಕ್ಕೆ ಕುಳಿತು ಅದನ್ನು ತೆರೆಯಬಹುದು, ಅಥವಾ ಕುಳಿತು ತೆರೆಯದೆ ದಾರಿ ಕಟ್ಟಬಹುದು.

ಮಲೆನಾಡಿನಲ್ಲಿ ಅಡಕೆ ಮೆದ್ದು ತಲೆಸುತ್ತಿ ಬೆವರು ಬಂದರೆ ‘ಅಡಕೆ ಸೊಕ್ಕಿತು’ ಎನ್ನುವುದುಂಟು. ಅಡಕೆಯ ಅರೆಕೊಲಿನ್, ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಗ್ರಾಹಕಗಳನ್ನು ತೆರೆಯುವುದೇ ಇದಕ್ಕೆ ಕಾರಣ. ಹಳ್ಳಿಯ ಅಂಚಿನಲ್ಲಿ ಬೆಳೆಯುವ ದತ್ತೂರಿಗೆ ಕನ್ನಡದಲ್ಲಿ ‘ಉಮ್ಮತ್ತಿ’, ‘ಮದ್ದುಗುಣಿಕೆ’ ಎಂಬ ಹೆಸರುಗಳಿವೆ. ಮೊದಲನೆಯದು ‘ಉನ್ಮತ್ತ’ದ ತದ್ಭವ. ಅದರ ಅಟ್ರೊಪಿನ್, ಸ್ಕೊಪೊಲಮಿನ್ ಅದೇ ಅಸಿಟೈಲ್‌ಕೋಲಿನ್ನಿನ ಒಂದು ಬಗೆಯ ಗ್ರಾಹಕಗಳನ್ನು ಮುಚ್ಚುತ್ತವೆ. ಬಾಯಿ ಒಣಗುತ್ತದೆ, ಕಣ್ಣುಪಾಪೆ ಅಗಲವಾಗುತ್ತದೆ, ಎದುರಿಗೆ ಇಲ್ಲದವರೊಡನೆ ಮಾತನಾಡುವ ಸ್ಥಿತಿ ಉಂಟಾಗುತ್ತದೆ. ಹೀಗೆ ‘ಸೊಕ್ಕು’ ಮತ್ತು ‘ಉನ್ಮಾದ’ ಒಂದೇ ಬೀಗದ ಮೇಲೆ ನಡೆಯುವ ವಿರುದ್ಧ ಕ್ರಿಯೆಗಳಾಗಿವೆ. ಮದ್ಯ, ಅಫೀಮು, ಗಾಂಜಾಗಳ ಗ್ರಾಹಕಗಳು ಇವೆರಡಕ್ಕಿಂತ ಬೇರೆ. ಟ್ರಿಪ್ಟಮೀನ್ ವರ್ಗದ ದಾರಿ ಇವೆಲ್ಲಕ್ಕಿಂತಲೂ ಭಿನ್ನವಾದುದು. ಅದು ಸಿರೊಟೋನಿನ್ ದಾರಿ.

2. ಟ್ರಿಪ್ಟಮೀನ್: ಒಂದು ಚೌಕಟ್ಟು, ಹಲವು ವಸ್ತುಗಳು

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವಿದೆ. ಅದರಿಂದ ಒಂದು ಇಂಗಾಲದ ಡೈಆಕ್ಸೈಡ್ ಅಣು ಕಳಚಿದರೆ ಉಳಿಯುವುದು ಟ್ರಿಪ್ಟಮೀನ್. ಇದರಲ್ಲಿ ‘ಇಂಡೋಲ್’ ಎಂಬ ಜೋಡಿ ಉಂಗುರವಿದ್ದು, ಅದಕ್ಕೆ ಎರಡು ಇಂಗಾಲಗಳ ಬಾಲವಿದೆ. ಬಾಲದ ತುದಿಯಲ್ಲಿ ಸಾರಜನಕವಿದೆ. ಉಂಗುರದ ಯಾವ ಸ್ಥಾನದಲ್ಲಿ ಏನು ಸೇರಿದೆ, ಬಾಲದ ಸಾರಜನಕಕ್ಕೆ ಏನು ಅಂಟಿದೆ ಎಂಬುದರ ಮೇಲೆ ಈ ಕುಟುಂಬದ ಪ್ರತಿಯೊಂದು ಸದಸ್ಯನ ಸ್ವಭಾವ ನಿರ್ಧಾರವಾಗುತ್ತದೆ.

ಐದನೆಯ ಸ್ಥಾನದಲ್ಲಿ ಆಮ್ಲಜನಕ ಮತ್ತು ಜಲಜನಕಗಳ ಜೋಡಿ ಸೇರಿದರೆ ಅದು ಸಿರೊಟೋನಿನ್. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ 1930ರ ದಶಕದಲ್ಲಿ ಕರುಳಿನಲ್ಲಿ ಗುರುತಿಸಿದ ವಸ್ತುವೂ, 1948ರಲ್ಲಿ ಅಮೆರಿಕದ ರ‍್ಯಾಪೋರ್ಟ್, ಗ್ರೀನ್ ಮತ್ತು ಪೇಜ್ ರಕ್ತದಿಂದ ಬೇರ್ಪಡಿಸಿದ ವಸ್ತುವೂ ಇದೇ. 1953ರಲ್ಲಿ ಟ್ವಾರೋಗ್ ಮತ್ತು ಪೇಜ್ ಇದು ಮಿದುಳಿನಲ್ಲಿಯೂ ಇದೆಯೆಂದು ತೋರಿಸಿದರು. ಶರೀರದ ಸಿರೊಟೋನಿನ್ನಿನ ಬಹುಭಾಗ ಇರುವುದು ಕರುಳಿನಲ್ಲಿ. ಮಿದುಳಿನಲ್ಲಿರುವುದು ಅದರ ಅಲ್ಪಾಂಶ ಮಾತ್ರ.

ಬಾಲದ ಸಾರಜನಕಕ್ಕೆ ಎರಡು ಮಿಥೈಲ್ ಗುಂಪುಗಳು ಸೇರಿದರೆ ಡೈಮಿಥೈಲ್ ಟ್ರಿಪ್ಟಮೀನ್, ಅಂದರೆ ಡಿ.ಎಂ.ಟಿ. ಇದನ್ನು 1931ರಲ್ಲಿ ರಿಚರ್ಡ್ ಮ್ಯಾನ್ಸ್ಕೆ ಪ್ರಯೋಗಾಲಯದಲ್ಲಿ ತಯಾರಿಸಿದರು. ಮನುಷ್ಯನ ಮೇಲೆ ಇದರ ಪರಿಣಾಮವನ್ನು 1956ರಲ್ಲಿ ಹಂಗೇರಿಯ ಸ್ಟೀಫನ್ ಸಾರಾ ವರದಿ ಮಾಡಿದರು. ಡಿ.ಎಂ.ಟಿ.ಯ ನಾಲ್ಕನೆಯ ಸ್ಥಾನದಲ್ಲಿ ಆಮ್ಲಜನಕ-ಜಲಜನಕ ಜೋಡಿ ಇದ್ದರೆ ಅದು ಸೈಲೊಸಿನ್. ಅದಕ್ಕೆ ರಂಜಕದ ಗುಂಪೊಂದು ಸೇರಿದರೆ ಸೈಲೊಸೈಬಿನ್. ಇವೆರಡನ್ನೂ 1958ರಲ್ಲಿ ಸ್ವಿಟ್ಜರ್‌ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಮತ್ತು ಸಂಗಡಿಗರು ಮೆಕ್ಸಿಕೊ ದೇಶದ ಅಣಬೆಯಿಂದ ಬೇರ್ಪಡಿಸಿದರು. ಹಾಫ್‌ಮನ್ ಅವರೇ 1938ರಲ್ಲಿ ತಯಾರಿಸಿ, 1943ರಲ್ಲಿ ಪರಿಣಾಮವನ್ನು ಗುರುತಿಸಿದ ಎಲ್.ಎಸ್.ಡಿ.ಯ ದೊಡ್ಡ ಅಣುವಿನೊಳಗೂ ಇದೇ ಟ್ರಿಪ್ಟಮೀನ್ ಚೌಕಟ್ಟು ಅಡಗಿದೆ.

3. ಕಣಜ, ನಸುಗುನ್ನಿ, ಬಾಳೆ: ತಡೆಗೋಡೆಯ ಪಾಠ

ಟ್ರಿಪ್ಟಮೀನ್ ಕುಟುಂಬವೆಂದೊಡನೆ ದೂರದ ಅಮೆಜಾನ್ ಕಾಡನ್ನು ನೆನೆಯಬೇಕಾಗಿಲ್ಲ. ಕಣಜದ ಕುಟುಕಿನ ವಿಷದಲ್ಲಿ ಸಿರೊಟೋನಿನ್ ಇರುವುದು 1954ರಲ್ಲಿಯೇ ತಿಳಿಯಿತು. ಯೂರೋಪಿನ ತುರಚೆ ಗಿಡದ ಚುಚ್ಚುರೋಮಗಳಲ್ಲಿ ಅದು ಇರುವುದು 1956ರಲ್ಲಿ ಗೊತ್ತಾಯಿತು. ಮಲೆನಾಡಿನ ಬೇಲಿ, ಕಾಡಂಚುಗಳ ನಸುಗುನ್ನಿ ಕಾಯಿಯ ರೋಮಗಳಲ್ಲಿಯೂ ಸಿರೊಟೋನಿನ್ ಇದೆಯೆಂದು 1954ರಲ್ಲಿ ವರದಿಯಾಯಿತು. ಕಣಜದಿಂದ ಕುಟುಕಿಸಿಕೊಂಡವರಿಗೆ ನೋವಾಗುತ್ತದೆ, ಊತ ಬರುತ್ತದೆ, ದರ್ಶನಗಳು ಕಾಣುವುದಿಲ್ಲ. ಚರ್ಮದಡಿ ಸೇರಿದ ಸಿರೊಟೋನಿನ್ ಅಲ್ಲಿನ ನೋವಿನ ನರತುದಿಗಳನ್ನು ಕೆರಳಿಸುತ್ತದೆಯೇ ಹೊರತು ಮಿದುಳನ್ನು ಪ್ರವೇಶಿಸುವುದಿಲ್ಲ.

ಇದಕ್ಕೆ ಕಾರಣ ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಪದರದ ಕೋಶಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ಅಣುಗಳು ಮಾತ್ರ ಸುಲಭವಾಗಿ ದಾಟಬಲ್ಲವು. ಸಿರೊಟೋನಿನ್ ನೀರನ್ನು ಮೆಚ್ಚುವ ಅಣು. ಅದು ಹೊರಗೇ ಉಳಿಯುತ್ತದೆ. ಬಾಳೆಹಣ್ಣಿನಲ್ಲಿ ಸಾಕಷ್ಟು ಸಿರೊಟೋನಿನ್ ಇರುವುದು 1958ರಿಂದ ತಿಳಿದಿದೆ. ಮೂತ್ರದಲ್ಲಿ ಸಿರೊಟೋನಿನ್ನಿನ ಅವಶೇಷವನ್ನು ಅಳೆಯುವ ಪರೀಕ್ಷೆಗೆ ಮುನ್ನ ಬಾಳೆಹಣ್ಣು ತಿನ್ನಬಾರದೆಂದು ವೈದ್ಯರು ಸೂಚಿಸುವುದು ಇದಕ್ಕಾಗಿಯೇ. ಆದರೆ ‘ಬಾಳೆಹಣ್ಣಿನಲ್ಲಿ ಸಂತೋಷದ ರಾಸಾಯನಿಕವಿದೆ, ಆದ್ದರಿಂದ ಅದು ಮನಸ್ಸನ್ನು ಉಲ್ಲಾಸಗೊಳಿಸುತ್ತದೆ’ ಎಂಬ ಜನಪ್ರಿಯ ತರ್ಕ ನಿಲ್ಲುವುದಿಲ್ಲ.

ನಸುಗುನ್ನಿಯಿಂದ ಇನ್ನೆರಡು ಸಂಗತಿಗಳನ್ನು ತಿಳಿಯಬಹುದು. ಅದರ ರೋಮದ ತೀವ್ರ ತುರಿಕೆಗೆ ಮುಖ್ಯ ಕಾರಣ ಸಿರೊಟೋನಿನ್ ಅಲ್ಲ. ‘ಮ್ಯೂಕುನೇಯಿನ್’ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದು ಕೆಲಸ ಮಾಡುವ ಗ್ರಾಹಕಗಳು ಯಾವುವೆಂಬುದು 2008ರಲ್ಲಿ ಸ್ಪಷ್ಟವಾಯಿತು. ವಸ್ತು ಇದೆ, ಪರಿಣಾಮವೂ ಇದೆ. ಆದರೆ ಆ ಪರಿಣಾಮಕ್ಕೆ ಆ ವಸ್ತುವೇ ಕಾರಣವಲ್ಲ. ಎರಡನೆಯದು ಅದರ ಬೀಜಕ್ಕೆ ಸಂಬಂಧಿಸಿದ್ದು. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಈ ಬೀಜದಲ್ಲಿ ಎಲ್-ಡೋಪಾ ಇರುವುದನ್ನು ತೋರಿಸಿದರು. ಮುಂದೆ ಅದೇ ವಸ್ತು ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಔಷಧವಾಯಿತು. ಡೋಪಮೀನ್ ತಡೆಗೋಡೆಯನ್ನು ದಾಟಲಾರದು. ಅದರ ಪೂರ್ವರೂಪವಾದ ಎಲ್-ಡೋಪಾ ದಾಟಬಲ್ಲದು. ಒಂದು ಅಣು ಔಷಧವಾಗುವುದರಲ್ಲಿ ಅದು ಹಿಡಿಯುವ ದಾರಿಯ ಪಾತ್ರ ಎಷ್ಟೆಂಬುದಕ್ಕೆ ಇದು ನಿದರ್ಶನ.

4. ಶಾಲಪರ್ಣಿ: ಕಿಣ್ವದ ಪಾಠ

ದಶಮೂಲದ ಹತ್ತು ಬೇರುಗಳಲ್ಲಿ ಶಾಲಪರ್ಣಿಯೂ ಒಂದು. ಕನ್ನಡದಲ್ಲಿ ಇದನ್ನು ಮೂರೆಲೆಹೊನ್ನೆ ಎನ್ನುತ್ತಾರೆ. ಸಸ್ಯಶಾಸ್ತ್ರದ ಡೆಸ್ಮೋಡಿಯಂ ಗ್ಯಾಂಜೆಟಿಕಂ ಎಂಬ ಈ ಸಸ್ಯದಲ್ಲಿ ಡಿ.ಎಂ.ಟಿ. ವರ್ಗದ ಸರಳ ಇಂಡೋಲ್ ಕ್ಷಾರಗಳಿರುವುದನ್ನು 1969ರಲ್ಲಿ ಬ್ಯಾನರ್ಜಿ ಮತ್ತು ಘೋಷಾಲ್ ವರದಿ ಮಾಡಿದರು. ಇಲ್ಲೊಂದು ಪ್ರಶ್ನೆ ಸಹಜ. ದಶಮೂಲದ ಕಷಾಯವನ್ನು, ಅರಿಷ್ಟವನ್ನು ಬಾಣಂತಿಯರು ತಲೆಮಾರುಗಳಿಂದ ಕುಡಿಯುತ್ತ ಬಂದಿದ್ದಾರೆ. ಡಿ.ಎಂ.ಟಿ. ಅಷ್ಟು ಪ್ರಬಲವಾದ ವಸ್ತುವಾಗಿದ್ದರೆ ಅವರಿಗೇಕೆ ಏನೂ ಆಗಲಿಲ್ಲ?

ಉತ್ತರ ಎರಡು ಬಗೆಯದು. ಮೊದಲನೆಯದು ಪ್ರಮಾಣ: ಬೇರಿನಲ್ಲಿರುವ ಈ ಕ್ಷಾರಗಳು ಅತ್ಯಲ್ಪ. ಎರಡನೆಯದು ಕಿಣ್ವ: ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಬಾಯಿಯ ಮೂಲಕ ಬಂದ ಡಿ.ಎಂ.ಟಿ.ಯನ್ನು ಅದು ರಕ್ತಕ್ಕೆ ಸೇರುವ ಮುನ್ನವೇ ಬಹುತೇಕ ನಾಶಮಾಡುತ್ತದೆ. ಡಿ.ಎಂ.ಟಿ. ಕೊಬ್ಬಿನಲ್ಲಿ ಕರಗುವ ಅಣುವಾದ್ದರಿಂದ ಮಿದುಳಿನ ಗೋಡೆಯನ್ನೇನೋ ದಾಟಬಲ್ಲದು. ಆದರೆ ಆ ಗೋಡೆಯವರೆಗೆ ತಲಪುವುದೇ ಇಲ್ಲ. ಅಮೆಜಾನ್ ಪ್ರದೇಶದ ಜನ ತಮ್ಮ ‘ಅಯವಾಸ್ಕ’ ಪಾನೀಯದಲ್ಲಿ ಡಿ.ಎಂ.ಟಿ. ಇರುವ ಎಲೆಯೊಂದಿಗೆ ಈ ಕಿಣ್ವವನ್ನು ತಡೆಹಿಡಿಯುವ ಹಾರ್ಮೀನ್ ಇರುವ ಬಳ್ಳಿಯನ್ನು ಸೇರಿಸುತ್ತಾರೆ. ಆ ಪಾನೀಯದ ಪರಿಣಾಮ ನಿಂತಿರುವುದು ಎರಡು ಗಿಡಗಳ ಸಂಬಂಧದ ಮೇಲೆ.

ಈ ಕಿಣ್ವವನ್ನು ತಡೆಯುವುದು ಅಪಾಯಕಾರಿಯೂ ಹೌದು. ಖಿನ್ನತೆಗಾಗಿ ಸಿರೊಟೋನಿನ್ ಹೆಚ್ಚಿಸುವ ಮಾತ್ರೆ ಸೇವಿಸುತ್ತಿರುವವರಲ್ಲಿ ಇಂತಹ ಮಿಶ್ರಣ ಜ್ವರ, ಸ್ನಾಯುಸೆಡೆತ, ಪ್ರಜ್ಞೆಯ ಏರುಪೇರುಗಳನ್ನುಂಟುಮಾಡಿ ಜೀವಕ್ಕೇ ಎರವಾಗಬಹುದು.

ಹೆಸರಿನ ತೊಡಕನ್ನೂ ಇಲ್ಲಿ ಗಮನಿಸಬೇಕು. ದಕ್ಷಿಣ ಭಾರತದ ಅಂಗಡಿಗಳಲ್ಲಿ ಶಾಲಪರ್ಣಿಯೆಂದು ಸೂಡಾರ್ಥ್ರಿಯ ವಿಸ್ಕಿಡ ಎಂಬ ಬೇರೆಯ ಸಸ್ಯವೂ ಮಾರಾಟವಾಗುತ್ತದೆ. ಹೆಸರು ಒಂದಾದ ಮಾತ್ರಕ್ಕೆ ಗಿಡ ಒಂದಾಗುವುದಿಲ್ಲ, ಗಿಡ ಬೇರೆಯಾದ ಮೇಲೆ ರಸಾಯನವೂ ಬೇರೆ.

5. ಸರ್ಪಗಂಧ: ಬೇರೊಂದು ದಿಕ್ಕು

ಪಶ್ಚಿಮಘಟ್ಟದ ಕಾಡಿನ ಸರ್ಪಗಂಧವೂ ತನ್ನೊಳಗೆ ಟ್ರಿಪ್ಟಮೀನನ್ನು ತಯಾರಿಸಿಕೊಳ್ಳುತ್ತದೆ. ಆದರೆ ಅದನ್ನು ಹಾಗೆಯೇ ಬಿಡದೆ ಇನ್ನೊಂದು ಅಣುವಿನೊಡನೆ ಕೂಡಿಸಿ ರೆಸರ್ಪಿನ್ ಮೊದಲಾದ ದೊಡ್ಡ ಕ್ಷಾರಗಳನ್ನು ಕಟ್ಟುತ್ತದೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಇದನ್ನು ಪಶ್ಚಿಮದ ಗಮನಕ್ಕೆ ತಂದಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಸಂಸ್ಥೆಯವರು ರೆಸರ್ಪಿನ್ ಅನ್ನು ಬೇರ್ಪಡಿಸಿದರು.

ರೆಸರ್ಪಿನ್ ಸಿರೊಟೋನಿನ್ನಿನ ಬೀಗಕ್ಕೆ ಕೀಲಿಯಲ್ಲ. ನರಕೋಶದೊಳಗೆ ನರವಾಹಕಗಳನ್ನು ಕೂಡಿಡುವ ಸಣ್ಣ ಚೀಲಗಳಿಗೆ ಅವುಗಳನ್ನು ತುಂಬುವ ಪ್ರೋಟೀನನ್ನು ಅದು ತಡೆಯುತ್ತದೆ. ಕಣಜ ತುಂಬದೆ ಬರಿದಾಗುತ್ತದೆ. 1955ರಲ್ಲಿ ಪ್ಲೆಚರ್, ಶೋರ್ ಮತ್ತು ಬ್ರೋಡಿ ರೆಸರ್ಪಿನ್ ಕೊಟ್ಟಾಗ ಸಿರೊಟೋನಿನ್ ಸಂಗ್ರಹ ಖಾಲಿಯಾಗುವುದನ್ನು ತೋರಿಸಿದರು. ಮನಸ್ಸಿನ ಸ್ಥಿತಿಗೂ ಮಿದುಳಿನ ರಸಾಯನಕ್ಕೂ ಸಂಬಂಧವಿದೆ ಎಂಬ ಚಿಂತನೆ ಬೆಳೆಯಲು ಎಲ್.ಎಸ್.ಡಿ.ಯಷ್ಟೇ ನಮ್ಮ ಈ ಬೇರೂ ಕಾರಣವಾಯಿತು. ಒಂದೇ ಚೌಕಟ್ಟಿನಿಂದ ಹುಟ್ಟಿದ ಎರಡು ವಸ್ತುಗಳಲ್ಲಿ ಒಂದು ದೃಶ್ಯಗಳನ್ನು ಕಲಕಿದರೆ ಇನ್ನೊಂದು ಮನಸ್ಸನ್ನು ಮಂದವಾಗಿಸುತ್ತದೆ. ‘ಮನಸ್ಸಿನ ಮೇಲೆ ಪರಿಣಾಮ ಬೀರುವ ಬೇರು’ ಎಂಬ ವಿವರಣೆ ಈ ಅಂತರವನ್ನು ಹೇಳಲಾರದು.

6. ಅಣಬೆ: ಗ್ರಾಹಕದ ಪಾಠ

ಮಳೆಗಾಲದ ಮಲೆನಾಡಿನಲ್ಲಿ ಹುತ್ತದ ಅಣಬೆ, ಕಲ್ಲಣಬೆಗಳು ಊಟದ ಸಂಭ್ರಮದ ವಸ್ತುಗಳು. ಸಗಣಿಯ ಮೇಲೇಳುವ ಅಣಬೆಗಳನ್ನು ತಿನ್ನುವ ರೂಢಿಯಿಲ್ಲ. ಉಷ್ಣವಲಯದ ಅನೇಕ ದೇಶಗಳಲ್ಲಿ ಸಗಣಿಯ ಮೇಲೆ ಬೆಳೆಯುವ ಕೆಲವು ಸೈಲೊಸೈಬಿ ಪ್ರಭೇದಗಳಲ್ಲಿ ಸೈಲೊಸೈಬಿನ್ ಇದೆ. ನೆರೆಯ ಕೇರಳದ ಈ ಕುಲದ ಅಣಬೆಗಳ ವಿವರಣೆ 2002ರಲ್ಲಿ ಪ್ರಕಟವಾಗಿದೆ.

ಸೈಲೊಸೈಬಿನ್ ಸ್ವತಃ ಕೆಲಸ ಮಾಡುವ ವಸ್ತುವಲ್ಲ. ಶರೀರದ ಫಾಸ್ಫಟೇಸ್ ಕಿಣ್ವಗಳು ಅದರ ರಂಜಕದ ಗುಂಪನ್ನು ಕತ್ತರಿಸಿದಾಗ ಸೈಲೊಸಿನ್ ಹೊರಬರುತ್ತದೆ. ಸೈಲೊಸಿನ್ನಿಗೂ ಬ್ಯುಫೊಟೆನಿನ್ ಎಂಬ ಅದರ ದಾಯಾದಿಗೂ ಇರುವ ವ್ಯತ್ಯಾಸ ಒಂದೇ: ಆಮ್ಲಜನಕ-ಜಲಜನಕ ಜೋಡಿ ನಾಲ್ಕನೆಯ ಸ್ಥಾನದಲ್ಲಿದೆಯೋ ಐದನೆಯದರಲ್ಲೋ ಎಂಬುದು. ನಾಲ್ಕನೆಯದರಲ್ಲಿದ್ದಾಗ ಅದು ಬಾಲದ ಸಾರಜನಕಕ್ಕೆ ಹತ್ತಿರವಾಗಿ, ಅಣು ತನ್ನೊಳಗೇ ಮಡಿಚಿಕೊಂಡಂತಾಗುತ್ತದೆ. ಇದರಿಂದ ಅದು ಕೊಬ್ಬಿನಲ್ಲಿ ಕರಗುವ ಗುಣ ಪಡೆಯುತ್ತದೆ, ಮಾನೊಅಮೀನ್ ಆಕ್ಸಿಡೇಸಿನ ಹಿಡಿತದಿಂದಲೂ ಸ್ವಲ್ಪಮಟ್ಟಿಗೆ ಪಾರಾಗುತ್ತದೆ. ಡಿ.ಎಂ.ಟಿ.ಗೆ ಸಾಧ್ಯವಾಗದ ಬಾಯಿಯ ದಾರಿ ಸೈಲೊಸಿನ್ನಿಗೆ ಸಾಧ್ಯವಾಗಿರುವುದು ಹೀಗೆ.

ಮಿದುಳಿನಲ್ಲಿ ಸಿರೊಟೋನಿನ್ ಗ್ರಾಹಕಗಳು ಹದಿನಾಲ್ಕು ಬಗೆ. ಅವುಗಳಲ್ಲಿ ‘2ಎ’ ಎಂಬ ಬಗೆ ಸೈಕೆಡೆಲಿಕ್ ಪರಿಣಾಮಕ್ಕೆ ಮುಖ್ಯ. 1998ರಲ್ಲಿ ಜ್ಯೂರಿಕ್ ನಗರದ ವೊಲೆನ್‌ವೈಡರ್ ತಂಡದವರು ಈ ಗ್ರಾಹಕವನ್ನು ಮುಚ್ಚುವ ಕೆಟಾನ್ಸೆರಿನ್ ಕೊಟ್ಟ ಮೇಲೆ ಸೈಲೊಸೈಬಿನ್ ಕೊಟ್ಟಾಗ, ನಿರೀಕ್ಷಿತ ಅನುಭವಗಳು ತಡೆಹಿಡಿಯಲ್ಪಟ್ಟವು. ಈ ಗ್ರಾಹಕಗಳು ಮಿದುಳಿನ ಹೊರಪದರದ ಪಿರಮಿಡ್ ಆಕಾರದ ನರಕೋಶಗಳಲ್ಲಿ ದಟ್ಟವಾಗಿವೆ. ಇಂದ್ರಿಯಗಳಿಂದ ಬಂದ ಮಾಹಿತಿಯನ್ನು ಪೂರ್ವಾನುಭವದೊಂದಿಗೆ ಹೊಂದಿಸಿ ಅರ್ಥ ಕೊಡುವ ಜಾಲಗಳು ಅಲ್ಲಿ ಸಡಿಲಗೊಳ್ಳುತ್ತವೆ. ಬಣ್ಣ, ಕಾಲ, ‘ನಾನು’ ಎಂಬ ಗಡಿ ಬದಲಾದಂತೆ ತೋರುತ್ತವೆ.

ಸಿರೊಟೋನಿನ್ ಕೂಡ ಅದೇ ಗ್ರಾಹಕವನ್ನು ತೆರೆಯುತ್ತದಲ್ಲ, ನಾವೇಕೆ ಸದಾ ಅಂತಹ ಸ್ಥಿತಿಯಲ್ಲಿರುವುದಿಲ್ಲ ಎಂಬ ಪ್ರಶ್ನೆ ಏಳುತ್ತದೆ. 2023ರ ಒಂದು ಅಧ್ಯಯನ ಸೂಚಿಸಿದಂತೆ 2ಎ ಗ್ರಾಹಕಗಳಲ್ಲಿ ಅನೇಕವು ನರಕೋಶದ ಒಳಭಾಗದಲ್ಲಿಯೂ ಇವೆ. ನೀರನ್ನು ಮೆಚ್ಚುವ ಸಿರೊಟೋನಿನ್ ಕೋಶದ ಪೊರೆಯನ್ನು ದಾಟಿ ಅವುಗಳನ್ನು ತಲಪಲಾರದು. ಕೊಬ್ಬಿನಲ್ಲಿ ಕರಗುವ ಡಿ.ಎಂ.ಟಿ., ಸೈಲೊಸಿನ್ ತಲಪಬಲ್ಲವು. ನರಕೋಶಗಳ ಹೊಸ ಕವಲುಗಳು ಬೆಳೆಯುವುದಕ್ಕೂ ಈ ಒಳಗಿನ ಗ್ರಾಹಕಗಳಿಗೂ ಸಂಬಂಧ ಕಂಡುಬಂದಿದೆ. ಕಣಜದ ಕುಟುಕಿನಲ್ಲಿ ಕಂಡ ಗೋಡೆಯ ನಿಯಮವೇ ಇಲ್ಲಿ ಕೋಶದ ಮಟ್ಟದಲ್ಲಿ ಮರುಕಳಿಸಿದೆ.

7. ಚಿಕಿತ್ಸೆ, ಕಾನೂನು, ಅಪಾಯ

2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೇರೆ ಔಷಧಗಳಿಗೆ ಮಣಿಯದ ಖಿನ್ನತೆಯುಳ್ಳ 233 ಜನರಿಗೆ ಮಾನಸಿಕ ಬೆಂಬಲದೊಂದಿಗೆ ಸೈಲೊಸೈಬಿನ್ ಅನ್ನು ಒಂದು ಬಾರಿ ನೀಡಲಾಯಿತು. ಮೂರು ವಾರಗಳ ನಂತರ 25 ಮಿಲಿಗ್ರಾಂ ಪಡೆದವರಲ್ಲಿ 1 ಮಿಲಿಗ್ರಾಂ ಪಡೆದವರಿಗಿಂತ ಖಿನ್ನತೆ ಹೆಚ್ಚು ತಗ್ಗಿತ್ತು. ತಲೆನೋವು, ವಾಕರಿಕೆ, ತಲೆಸುತ್ತು ಕಂಡುಬಂದವು. ಆತ್ಮಹತ್ಯೆಯ ಆಲೋಚನೆಯಂತಹ ಗಂಭೀರ ಸಂಗತಿಗಳೂ ಎಲ್ಲ ಗುಂಪುಗಳಲ್ಲಿ ದಾಖಲಾದವು. ಆಸ್ಟ್ರೇಲಿಯ 2023ರ ಜುಲೈಯಿಂದ ಅಧಿಕೃತ ಮನೋವೈದ್ಯರಿಗೆ ಮಾತ್ರ ಇದರ ಬಳಕೆಗೆ ಅವಕಾಶ ನೀಡಿದೆ. ಭಾರತದಲ್ಲಿ 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿ ಡಿ.ಎಂ.ಟಿ., ಸೈಲೊಸಿನ್, ಸೈಲೊಸೈಬಿನ್, ಎಲ್.ಎಸ್.ಡಿ.ಗಳು ಸೇರಿವೆ.

ಪ್ರಯೋಗಾಲಯದ ಶುದ್ಧ ವಸ್ತುವಿನ ಫಲಿತಾಂಶವನ್ನು ಕಾಡಿನ ಅಣಬೆಗೆ ಅನ್ವಯಿಸಲಾಗದು. ಅಣಬೆಯಿಂದ ಅಣಬೆಗೆ ಪ್ರಮಾಣ ಬದಲಾಗುತ್ತದೆ. ನೋಡಲು ಹೋಲುವ ಸಣ್ಣ ಕಂದು ಅಣಬೆಗಳಲ್ಲಿ ಯಕೃತ್ತನ್ನು ನಾಶಮಾಡುವ ವಿಷವುಳ್ಳವೂ ಇವೆ. ತಮಗೆ ಅಥವಾ ಕುಟುಂಬದವರಿಗೆ ಚಿತ್ತವಿಕಲತೆಯ ಇತಿಹಾಸವಿರುವವರಲ್ಲಿ ಈ ವರ್ಗದ ವಸ್ತುಗಳು ಕಾಯಿಲೆಯನ್ನು ಕೆರಳಿಸಬಹುದು. ಅಫೀಮಿನಂತಹ ಚಟ ಇವುಗಳಿಂದ ಅಪರೂಪವೆಂಬುದು ನಿಜ. ಚಟವಾಗದ್ದೆಲ್ಲ ನಿರಪಾಯವೆಂದು ಅದರಿಂದ ತಿಳಿಯಲಾಗದು.

8. ಕನ್ನಡ ಸಂಶೋಧನೆಗೆ ಇದರಿಂದೇನು?

ಮೊದಲನೆಯದು ಪರಿಭಾಷೆ. ಈ ವಸ್ತುಗಳನ್ನು ‘ಭ್ರಾಂತಿಜನಕ’ ಎನ್ನುವ ರೂಢಿಯಿದೆ. ಭ್ರಾಂತಿಯೆಂದರೆ ಇಲ್ಲದ್ದನ್ನು ಇದೆಯೆಂದು ನಂಬುವುದು. ಆ ಪದ ದತ್ತೂರದ ಸ್ಥಿತಿಗೆ ಹೆಚ್ಚು ಸಲ್ಲುತ್ತದೆ. ಸೈಲೊಸೈಬಿನ್ ಸ್ಥಿತಿಯಲ್ಲಿ, ಕಾಣುವುದು ವಸ್ತುವಿನ ಪರಿಣಾಮವೆಂಬ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ. 1957ರಲ್ಲಿ ಹಂಫ್ರಿ ಆಸ್ಮಂಡ್ ಬಳಕೆಗೆ ತಂದ ‘ಸೈಕೆಡೆಲಿಕ್’ ಪದಕ್ಕೆ ‘ಮನಸ್ಸನ್ನು ಪ್ರಕಟಪಡಿಸುವ’ ಎಂಬರ್ಥ. ಅದಕ್ಕೆ ಒಪ್ಪಿತವಾದ ಕನ್ನಡ ಪದ ರೂಪುಗೊಳ್ಳುವವರೆಗೆ ಎರವಲು ಪದವನ್ನೇ ಬಳಸಿ ಅರ್ಥ ವಿವರಿಸುವುದು ಲೇಸು. ಮನೋವೈದ್ಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ಅಳುಕಿಗೆ ಕಾರಣವಿಲ್ಲ, ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

ಎರಡನೆಯದು ಪ್ರಾಚೀನ ಪಠ್ಯಗಳ ಓದು. 1968ರಲ್ಲಿ ಗಾರ್ಡನ್ ವಾಸನ್ ವೇದದ ಸೋಮವು ‘ಅಮಾನಿಟ ಮಸ್ಕೇರಿಯ’ ಎಂಬ ಕೆಂಪು ಅಣಬೆಯೆಂದು ವಾದಿಸಿದರು. ಆ ಅಣಬೆಯ ಮಸ್ಕಿಮಾಲ್ ಟ್ರಿಪ್ಟಮೀನ್ ಅಲ್ಲ. ಅದರ ಗ್ರಾಹಕವೂ ಬೇರೆ. ‘ಸೋಮವೆಂದರೆ ಸೈಕೆಡೆಲಿಕ್ ಅಣಬೆ’ ಎಂದು ಸಾರಾಂಶ ಮಾಡುವವರು ಎರಡು ಬೇರೆ ರಸಾಯನಗಳನ್ನು ಒಂದಾಗಿಸುತ್ತಾರೆ. ಪಠ್ಯದಲ್ಲಿ ‘ಮದ’ ಎಂಬ ಪದ ಕಂಡಲ್ಲಿ ಯಾವ ಲಕ್ಷಣಗಳು ವರ್ಣಿತವಾಗಿವೆ ಎಂಬುದನ್ನು ಮೊದಲು ಪಟ್ಟಿಮಾಡಿ, ವಸ್ತುವಿನ ಗುರುತನ್ನು ಆಮೇಲೆ ಚರ್ಚಿಸುವುದು ಸರಿಯಾದ ಕ್ರಮ.

ಮೂರನೆಯದು, ಹೆಚ್ಚು ತುರ್ತಿನದು, ಕ್ಷೇತ್ರಕಾರ್ಯ. ನಾಟಿವೈದ್ಯರಿಂದ ಮಾಹಿತಿ ಪಡೆಯುವಾಗ ಗಿಡದ ಸ್ಥಳೀಯ ಹೆಸರಿನ ಜೊತೆಗೆ ಬಳಸುವ ಭಾಗ, ತಯಾರಿಕೆಯ ವಿಧಾನ, ಕೊಡುವ ದಾರಿ, ಕೂಡಿಸುವ ಇತರ ವಸ್ತುಗಳು, ಕಂಡ ಪರಿಣಾಮ ಮತ್ತು ಅದರ ಅವಧಿ, ಯಾರಿಗೆ ಕೊಡಬಾರದೆಂಬ ನಿಷೇಧ ಇಷ್ಟನ್ನು ಅವರದೇ ಮಾತಿನಲ್ಲಿ ದಾಖಲಿಸಬೇಕು. ನಿಷೇಧದ ಮಾತುಗಳನ್ನು ಮೂಢನಂಬಿಕೆಯೆಂದು ಬಿಡಲಾಗದು; ಕಿಣ್ವ, ಪ್ರಮಾಣಗಳ ಅನುಭವಜನ್ಯ ತಿಳಿವಳಿಕೆ ಅಡಗಿರುವುದು ಅನೇಕ ವೇಳೆ ಅಲ್ಲಿಯೇ. ಗಿಡದ ಮಾದರಿಯನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಕೊಳ್ಳಬೇಕು. ಕೊಪ್ಪದಲ್ಲಿಯೇ ಆಯುರ್ವೇದ ಮಹಾವಿದ್ಯಾಲಯವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಶಿವಮೊಗ್ಗ ಜಿಲ್ಲೆಯ ಕಾಡುಗಳ ಅಣಬೆಗಳನ್ನು ಕುರಿತ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿದ್ದಾರೆ. ಕನ್ನಡ ವಿಭಾಗ ಇವರೊಡನೆ ಕೂಡಿ ಕೆಲಸ ಮಾಡಲು ದೂರ ಹೋಗಬೇಕಾಗಿಲ್ಲ.

ಹೀಗೆ ಕೂಡಿ ಮಾಡಿದ ದಾಖಲೆಯಲ್ಲಿ ‘ಮತ್ತು ಬರಿಸುವ ಗಿಡ’ ಎಂಬ ಒಂದು ಸಾಲಿಗೆ ಬದಲಾಗಿ ಒಂದು ಪುಟದ ವಿವರಣೆ ಇರುತ್ತದೆ. ಅದನ್ನು ಓದಿದ ವಿದ್ಯಾರ್ಥಿಗೆ ಶಾಲಪರ್ಣಿಯ ಬೇರು ಏಕೆ ಔಷಧವಾಗಿಯೇ ಉಳಿಯಿತು, ಸಗಣಿಯ ಮೇಲಿನ ಅಣಬೆಯನ್ನು ಹಿರಿಯರು ಏಕೆ ಮುಟ್ಟಲಿಲ್ಲ ಎಂಬ ಪ್ರಶ್ನೆಗಳಾದರೂ ಏಳುತ್ತವೆ. ‘ಮದ್ದು’ ಎಂಬ ಪದ ತನ್ನ ಎಲ್ಲ ಅರ್ಥಗಳೊಂದಿಗೆ ಉಳಿಯಬೇಕಾದರೆ, ಯಾವ ಸಂದರ್ಭದಲ್ಲಿ ಯಾವ ಅರ್ಥ ಎಂಬುದನ್ನು ಬರೆದಿಡುವ ಹೊಣೆ ಕನ್ನಡ ಸಂಶೋಧಕರದು.